ಉಚಿತ ಓಲೆಯ ಬೆಲೆ

ಕಾಗದಕ್ಕೆ ಅಂಚೆಚೀಟಿ ಹಚ್ಚುವುದು ನಮಗೆ ಸಹಜವಾಗಿತ್ತು. ಒಯ್ಯುವವನಿಗೆ ಕೂಲಿ ಸಲ್ಲಬೇಕೆಂಬುದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಇಂದು ಲಗ್ನಪತ್ರಿಕೆ, ಮೊಮ್ಮಕ್ಕಳ ಭಾವಚಿತ್ರ, ಮನೆಯ ಸುಖದುಃಖ ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತಿವೆ. ಕೂಲಿ ಕೊಡುವವರಾರೆಂದು ಕೇಳುವವರು ವಿರಳ.

ಅದು ಮೊದಲಿಗೆ ಬಿಟ್ಟಿಯಾಗಿರಲಿಲ್ಲ. 2009ರಲ್ಲಿ ಅದನ್ನು ಕಟ್ಟಿದ ಜಾನ್ ಕೂಮ್ ಮತ್ತು ಬ್ರಿಯಾನ್ ಆ್ಯಕ್ಟನ್ ಜಾಹೀರಾತನ್ನು ಒಲ್ಲದವರು. ವರ್ಷಕ್ಕೆ 99 ಸೆಂಟ್, ಎಂದರೆ 70 ರೂಪಾಯಿಗೂ ಕಡಿಮೆ ಶುಲ್ಕವಿತ್ತು. ಕೂಮ್ ಅವರ ಬಾಲ್ಯ ಕಳೆದದ್ದು ಸೋವಿಯತ್ ಆಳ್ವಿಕೆಯ ಉಕ್ರೇನಿನಲ್ಲಿ. ಜನರು ದೂರವಾಣಿಯಲ್ಲಿ ಮನಬಿಚ್ಚಿ ಮಾತನಾಡಲು ಅಂಜುತ್ತಿದ್ದ ಕಾಲವದು. 2014ರಲ್ಲಿ ಫೇಸ್‌ಬುಕ್ ಸಂಸ್ಥೆಯು ವಾಟ್ಸ್‌ಆ್ಯಪ್ಪನ್ನು ಕೊಂಡಿತು. 2016ರ ಜನವರಿಯಲ್ಲಿ ಶುಲ್ಕ ರದ್ದಾಯಿತು. ಅದೇ ಆಗಸ್ಟ್‌ನಲ್ಲಿ ಬಳಕೆದಾರರ ದೂರವಾಣಿ ಸಂಖ್ಯೆ ಮೊದಲಾದ ವಿವರಗಳನ್ನು ಫೇಸ್‌ಬುಕ್ಕಿಗೆ ನೀಡುವ ನಿಯಮ ಬಂದಿತು. ಒಂದರ ಬದಲಿಗೆ ಮತ್ತೊಂದೆಂದು ಸಂಸ್ಥೆ ಹೇಳಲಿಲ್ಲ. ಏಳೇ ತಿಂಗಳ ಅಂತರವನ್ನು ನಾವಾದರೂ ಗಮನಿಸಬೇಕಿತ್ತು.

ನ್ಯಾಯವಾದ ಮಾತೊಂದನ್ನು ಹೇಳಬೇಕು. ಸಂದೇಶದ ಒಳಗನ್ನು ಸಂಸ್ಥೆ ಓದಲಾರದು, ಅದಕ್ಕೆ ಬೀಗವಿದೆ. ಆದರೆ ಲಕೋಟೆಯ ಮೇಲಿನ ಬರಹಕ್ಕೆ, ಎಂದರೆ ಯಾರು ಯಾರಿಗೆ ಯಾವಾಗ ಬರೆದರೆಂಬುದಕ್ಕೆ, ಆ ಬೀಗವಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಹಣ ತೆರುವಾಗ ನಾವು ನಮ್ಮದನ್ನೇ ತೆರುತ್ತೇವೆ. ವಿವರಗಳನ್ನು ತೆರುವಾಗ ಹಾಗಲ್ಲ. ಫೋನಿನಲ್ಲಿರುವ ಹೆಸರು-ಸಂಖ್ಯೆಗಳ ಪಟ್ಟಿಗೆ ಅನುಮತಿ ಕೊಟ್ಟೊಡನೆ, ವಾಟ್ಸ್‌ಆ್ಯಪ್ ಬಳಸದ ಬಂಧುಗಳ, ನೆರೆಯವರ, ಹಾಲಿನವನ ಸಂಖ್ಯೆಗಳೂ ಅಲ್ಲಿಗೆ ಹೋಗುತ್ತವೆ. ಅವರನ್ನು ಕೇಳಿದವರಾರು? ಬಳಸದವರ ಸಂಖ್ಯೆಗಳನ್ನು ಗುರುತು ಸಿಗದಂತೆ ಮಾರ್ಪಡಿಸುವುದಾಗಿ ಸಂಸ್ಥೆ ಹೇಳುತ್ತದೆ. ಆದರೂ 2021ರಲ್ಲಿ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗವು 225 ಮಿಲಿಯನ್ ಯೂರೋ ದಂಡ ವಿಧಿಸಿದಾಗ, ಬಳಸದವರಿಗೆ ತಿಳಿವಳಿಕೆ ನೀಡದ ದೋಷವೂ ಅದರಲ್ಲಿ ಸೇರಿತ್ತು. ನಮ್ಮ ದೇಶದಲ್ಲಿ, ಒಪ್ಪಿರಿ ಇಲ್ಲವೇ ಬಿಡಿರಿ ಎಂಬ 2021ರ ನಿಯಮಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2024ರಲ್ಲಿ 213.14 ಕೋಟಿ ರೂಪಾಯಿ ದಂಡ ಹಾಕಿತು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿದ್ದು ಕನ್ನಡಿಗರೊಬ್ಬರ ಅರ್ಜಿಯಿಂದಲೇ: ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ ಹೂಡಿದ ವ್ಯಾಜ್ಯವದು.

ಹಣ ಕೊಟ್ಟು ಬಳಸುವ ದಾರಿಯೂ ಉಂಟು. ಸ್ವಿಟ್ಜರ್ಲೆಂಡಿನ ಥ್ರೀಮಾವನ್ನು ಒಮ್ಮೆ ಕೊಂಡರಾಯಿತು, ಫೋನ್ ಸಂಖ್ಯೆಯನ್ನೂ ಕೊಡಬೇಕಿಲ್ಲ. ಸಿಗ್ನಲ್ ದೇಣಿಗೆಯಿಂದ ನಡೆಯುತ್ತದೆ. ವಾಟ್ಸ್‌ಆ್ಯಪ್ ತೊರೆದ ಆ್ಯಕ್ಟನ್ ಅವರೇ 2018ರಲ್ಲಿ ಅದಕ್ಕೆ 50 ಮಿಲಿಯನ್ ಡಾಲರ್ ಒದಗಿಸಿದರು. ವರ್ಷಕ್ಕೆ 70 ರೂಪಾಯಿ ಕೊಡಲು ನಾನಂತೂ ಸಿದ್ಧ. ಆದರೆ ಬೀಗರು, ಸೋದರತ್ತೆಯರು ಅಲ್ಲಿಲ್ಲವಲ್ಲ! ಒಬ್ಬರೇ ಹೋಗಿ ಯಾರೊಡನೆ ಮಾತನಾಡುವುದು? ಹೋಗುವುದಾದರೆ ಮನೆಯವರೆಲ್ಲ ಕೂಡಿಯೇ ಹೋಗಬೇಕು. ಅಲ್ಲಿಯವರೆಗೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಪಟ್ಟಿಯ ಅನುಮತಿಯನ್ನು ಹಿಂತೆಗೆದುಕೊಳ್ಳಲು ಬರುತ್ತದೆ; ಮಕ್ಕಳನ್ನು ಕೇಳಿದರೆ ತೋರಿಸುತ್ತಾರೆ. ಆಗ ಹೆಸರಿನ ಬದಲು ಬರಿಯ ಸಂಖ್ಯೆ ಕಾಣಬಹುದು, ಅಷ್ಟು ತೊಡಕುಂಟು.