ಗೋಡೆಗೆ ಶುಗರ್ ಬೋರ್ಡ್ ಬಂತು, ಮಕ್ಕಳು ಬೆಂಚಿನಿಂದ ಏಳುವುದು ಯಾವಾಗ?

ನಿಮ್ಮ ಮಗು ಸಿಬಿಎಸ್‌ಇ ಶಾಲೆಗೆ ಹೋಗುತ್ತಿದ್ದರೆ ಶಾಲೆಯ ಗೋಡೆಯ ಮೇಲೆ ಎರಡು ಹೊಸ ಬೋರ್ಡ್‌ಗಳನ್ನು ನೀವು ಗಮನಿಸಿರಬಹುದು. ಒಂದು ‘ಶುಗರ್ ಬೋರ್ಡ್’. ಯಾವ ತಂಪು ಪಾನೀಯದಲ್ಲಿ, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಇದೆ ಎಂದು ತೋರಿಸುವ ಈ ಬೋರ್ಡನ್ನು ಹಾಕಲು ಮಂಡಳಿ 2025ರ ಮೇ ತಿಂಗಳಲ್ಲಿ ಶಾಲೆಗಳಿಗೆ ಹೇಳಿತು. ಮಕ್ಕಳಲ್ಲಿ ಟೈಪ್ 2 ಮಧುಮೇಹ ಹೆಚ್ಚುತ್ತಿರುವುದೇ ಅದಕ್ಕೆ ಕೊಟ್ಟ ಕಾರಣ. ಜುಲೈನಲ್ಲಿ ‘ಆಯಿಲ್ ಬೋರ್ಡ್’ ಬಂತು. ಸಮೋಸ, ಜಿಲೇಬಿಗೂ ಸಿಗರೇಟಿನ ಹಾಗೆ ಎಚ್ಚರಿಕೆ ಅಂಟಿಸುತ್ತಾರಂತೆ ಎಂಬ ಸುದ್ದಿ ಅದೇ ಹೊತ್ತಿಗೆ ವಾಟ್ಸಾಪ್‌ನಲ್ಲೆಲ್ಲ ಓಡಾಡಿತು. ಹಾಗೇನೂ ಇಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಸ್ಪಷ್ಟನೆ ಕೊಡಬೇಕಾಯಿತು.

ಈ ಗದ್ದಲದಲ್ಲಿ ಆಯಿಲ್ ಬೋರ್ಡ್ ಸುತ್ತೋಲೆಯ ಇನ್ನೊಂದು ಮಾತು ಯಾರ ಕಣ್ಣಿಗೂ ಬೀಳಲಿಲ್ಲ. ಮೆಟ್ಟಿಲು ಹತ್ತಲು ಪ್ರೋತ್ಸಾಹ ಕೊಡಿ, ನಡುನಡುವೆ ಚಿಕ್ಕ ವ್ಯಾಯಾಮದ ವಿರಾಮ ಕೊಡಿ ಎಂದೂ ಅದರಲ್ಲಿತ್ತು. ಬೋರ್ಡ್ ಹಾಕಲು ಎರಡು ಮೊಳೆ ಸಾಕು. ನಲವತ್ತು ಮಕ್ಕಳಿರುವ ತರಗತಿಯನ್ನು ದಿನಕ್ಕೆರಡು ಸಲ ಎಬ್ಬಿಸಿ ಕುಣಿಸಲು ಟೀಚರ್‌ಗೆ ಮನಸ್ಸಿರಬೇಕು, ಪ್ರಿನ್ಸಿಪಾಲರ ಒಪ್ಪಿಗೆ ಇರಬೇಕು, ಜೊತೆಗೆ ‘ಪಾಠ ಬಿಟ್ಟು ಇದೇನು’ ಎಂದು ಪೋಷಕರು ಕೇಳಬಾರದು. ನಮ್ಮ ಕೈಯಲ್ಲಿರುವುದು ಕೊನೆಯದು. ಹಾಗಾಗಿ ಈ ಚಿಕ್ಕ ವಿರಾಮದಿಂದ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ನಿಜಕ್ಕೂ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ನೋಡೋಣ.

ನಮ್ಮ ಮಗು ತೆಳ್ಳಗೇ ಇದೆಯಲ್ಲ?

ಬಹಳ ಮನೆಗಳಲ್ಲಿ ಕೇಳಿಬರುವ ಮಾತಿದು. ಕೇಂದ್ರ ಸರ್ಕಾರ 2016–18ರಲ್ಲಿ ನಡೆಸಿದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಅಧಿಕ ತೂಕದವರು ಶೇ 4ರಷ್ಟಿದ್ದರೆ, ವಯಸ್ಸಿಗೆ ತಕ್ಕ ಮೈಕಟ್ಟಿಲ್ಲದೆ ತೀರಾ ತೆಳ್ಳಗಿದ್ದವರು ಶೇ 23ರಷ್ಟಿದ್ದರು. ಆದರೆ ಅದೇ ಸಮೀಕ್ಷೆಯಲ್ಲಿ, ಅದೇ ವಯಸ್ಸಿನ ಹತ್ತು ಮಕ್ಕಳಲ್ಲಿ ಒಬ್ಬರ ರಕ್ತದ ಸಕ್ಕರೆ ಮಧುಮೇಹಪೂರ್ವ ಮಟ್ಟದಲ್ಲಿತ್ತು. ಅಂದರೆ ತೂಕದ ಯಂತ್ರ ನೋಡಿ ಸಮಾಧಾನಪಡುವಂತಿಲ್ಲ. ಕೆಲಸ ಮಾಡುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಇನ್ಸುಲಿನ್ನಿಗೆ ಅಷ್ಟಾಗಿ ಕಾಯದೆ ಎಳೆದುಕೊಳ್ಳುತ್ತದೆ. ಸುಮ್ಮನೆ ಕೂತ ಸ್ನಾಯುವಿಗೆ ಆ ಕೆಲಸವಿಲ್ಲ. ತೆಳ್ಳಗಿನ ಮಗುವಿಗೂ ಸ್ನಾಯು, ಮೂಳೆ ಬಲಿಯಲು ಊಟದ ಜೊತೆ ಓಟವೂ ಬೇಕು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ಉಸಿರು ಸ್ವಲ್ಪ ಜೋರಾಗುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ನಿಮ್ಮ ಮಗುವಿನ ನಿನ್ನೆಯ ದಿನವನ್ನು ಒಮ್ಮೆ ಲೆಕ್ಕ ಹಾಕಿ. ಬೆಳಗ್ಗೆ ವ್ಯಾನ್, ಆಮೇಲೆ ಬೆಂಚು, ಮತ್ತೆ ವ್ಯಾನ್, ಟ್ಯೂಷನ್, ಊಟ, ಮೊಬೈಲ್. ವಾರಕ್ಕೆ ಎರಡು ಪಿ.ಟಿ. ಪೀರಿಯಡ್ ಇದ್ದರೂ ಸಾಲಿನಲ್ಲಿ ನಿಲ್ಲುವುದರಲ್ಲೇ ಅರ್ಧ ಮುಗಿದಿರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ನಗರದ ಶಾಲಾ ಮಕ್ಕಳನ್ನು ಒಂದು ವರ್ಷ ಹಿಂಬಾಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಒಂದೇ ವರ್ಷದಲ್ಲಿ ಶಾಲೆಯಲ್ಲಿ ಕೂತಿರುವ ಸಮಯ ಏರಿ, ಓಡಾಟದ ಸಮಯ ಇಳಿದಿತ್ತು. ಮಗು ಒಂದು ತರಗತಿ ಮೇಲೆ ಹೋದರೆ ಒಂದಿಷ್ಟು ಆಟ ಕಡಿಮೆ ಎಂಬುದು ನಮ್ಮಲ್ಲಿ ಬರೆಯದ ನಿಯಮ.

ತರಗತಿಯೊಳಗೆ ಏನು ಮಾಡಬಹುದು?

ಬೆಂಚು ಸರಿಸಬೇಕಿಲ್ಲ, ಶೂ ಬದಲಿಸಬೇಕಿಲ್ಲ. ಎರಡು ಪಾಠಗಳ ನಡುವೆ ನಾಲ್ಕೈದು ನಿಮಿಷ ಎದ್ದು ನಿಂತಲ್ಲೇ ಜಿಗಿಯುವುದು, ಓಡಿದಂತೆ ಕಾಲೆತ್ತುವುದು ಒಂದು ಬಗೆ. ಪಾಠದ ಒಳಗೇ ಚಲನೆ ಸೇರಿಸುವುದು ಇನ್ನೊಂದು. ಏಳರ ಮಗ್ಗಿ ಹೇಳುತ್ತಾ ಪ್ರತಿ ಉತ್ತರಕ್ಕೆ ಒಂದು ಜಿಗಿತ, ಸ್ಪೆಲ್ಲಿಂಗ್‌ನ ಪ್ರತಿ ಅಕ್ಷರಕ್ಕೆ ಒಂದು ಹೆಜ್ಜೆ.

ನಮ್ಮ ಊರಿನ ‘ಕೆರೆ–ದಡ’ ಆಟ ನೆನಪಿದೆಯೇ? ‘ಕೆರೆ’ ಎಂದರೆ ಗೆರೆಯೊಳಗೆ, ‘ದಡ’ ಎಂದರೆ ಹೊರಗೆ ಜಿಗಿಯಬೇಕು. ಹೇಳುವವರು ಬೇಕಂತಲೇ ಎರಡು ಸಲ ‘ದಡ, ದಡ’ ಎಂದಾಗ ಜಿಗಿದವರು ಔಟ್. ಇದರಲ್ಲಿ ಕಾಲಿಗಷ್ಟೇ ಅಲ್ಲ, ಮಿದುಳಿಗೂ ಕೆಲಸವಿದೆ: ಮಾತನ್ನು ಗಮನವಿಟ್ಟು ಕೇಳಬೇಕು, ಜಿಗಿಯಬೇಕೆನಿಸಿದರೂ ತಡೆದುಕೊಳ್ಳಬೇಕು, ನಿಯಮ ನೆನಪಿಡಬೇಕು. ಲೆಕ್ಕ ಮಾಡುವಾಗ, ಓದುವಾಗ ಬೇಕಾಗುವುದೂ ಇವೇ ಶಕ್ತಿಗಳು. ಪುಣೆಯ ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರೆ ಆಟ ತಯಾರು. ಭಾಷೆ ಯಾವುದಾದರೂ ಆದೀತು.

ಅಂಕ ಹೆಚ್ಚುತ್ತದೆಯೇ?

ಸಂಶೋಧನೆ ಗಟ್ಟಿಯಾಗಿ ಹೇಳುವುದು ಗಮನದ ಬಗ್ಗೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಪ್ರಾಥಮಿಕ ತರಗತಿಗಳಲ್ಲಿ ದಿನಕ್ಕೊಮ್ಮೆ ಸುಮಾರು 10 ನಿಮಿಷದ ಚಟುವಟಿಕೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಚಟುವಟಿಕೆಯ ನಂತರ ಪಾಠದಲ್ಲಿ ತೊಡಗಿರುವುದು ಶೇ 8ರಷ್ಟು ಸುಧಾರಿಸಿತ್ತು. ಮೊದಲಿನಿಂದಲೂ ಗಮನ ತೀರಾ ಕಡಿಮೆ ಇದ್ದ ಮಕ್ಕಳಲ್ಲಿ ಸುಧಾರಣೆ ಶೇ 20ರಷ್ಟಿತ್ತು. ಕೆನಡಾದಲ್ಲಿ ಬರೀ ನಾಲ್ಕು ನಿಮಿಷದ ಬಿರುಸಿನ ವಿರಾಮಗಳನ್ನು ಪರೀಕ್ಷಿಸಿದಾಗಲೂ ಅತಿ ಹೆಚ್ಚು ಚಡಪಡಿಸುತ್ತಿದ್ದ ಮಕ್ಕಳಿಗೇ ಹೆಚ್ಚು ಲಾಭ ಕಂಡಿತು. ‘ಒಂದು ಕಡೆ ಕೂರುವುದೇ ಇಲ್ಲ’ ಎಂದು ಡೈರಿಯಲ್ಲಿ ಬರೆಸಿಕೊಂಡು ಬರುವ ಮಗು ನಿಮ್ಮದಾದರೆ ಈ ಎರಡು ಫಲಿತಾಂಶ ನಿಮಗಾಗಿಯೇ.

ಅಂಕದ ವಿಷಯದಲ್ಲಿ ಉತ್ತರ ಇಷ್ಟು ಸಲೀಸಲ್ಲ. ನೆದರ್ಲೆಂಡ್ಸ್‌ನಲ್ಲಿ ಎರಡು ವರ್ಷ, ವಾರಕ್ಕೆ ಮೂರು ಬಾರಿ, 20ರಿಂದ 30 ನಿಮಿಷ ಚಲನೆಯ ಮೂಲಕವೇ ಗಣಿತ ಮತ್ತು ಭಾಷೆ ಕಲಿಸಿದರು. 2016ರಲ್ಲಿ ಬಂದ ಫಲಿತಾಂಶದ ಪ್ರಕಾರ ಆ ಮಕ್ಕಳು ಗಣಿತ ಮತ್ತು ಕಾಗುಣಿತದಲ್ಲಿ ಉಳಿದವರಿಗಿಂತ ನಾಲ್ಕು ತಿಂಗಳಷ್ಟು ಕಲಿಕೆಯಲ್ಲಿ ಮುಂದಿದ್ದರು. ಓದುವಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಅಮೆರಿಕದ ಕನ್ಸಾಸ್‌ನಿಂದ ಬಂದ, ಮೂರು ವರ್ಷ ನಡೆದ ದೊಡ್ಡ ಪ್ರಯೋಗದಲ್ಲಿ ಅಂಕದಲ್ಲಿ ಯಾವ ಏರಿಕೆಯೂ ಕಾಣಲಿಲ್ಲ. ಹಾಗಂತ ಇಳಿಕೆಯೂ ಇಲ್ಲ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ. ಪಾಠದ ಸಮಯ ಕೊಟ್ಟು ಮಕ್ಕಳನ್ನು ಕುಣಿಸಿದರೂ ಕಲಿಕೆ ಹಿಂದೆ ಬೀಳಲಿಲ್ಲ. ‘ಪೋರ್ಷನ್ ಮುಗಿಯಬೇಕಲ್ಲ’ ಎನ್ನುವವರಿಗೆ ಕೊಡಬಹುದಾದ ಉತ್ತರ ಇದು. ಅಂಕ ಏರುತ್ತದೆ ಎಂದು ಆಸೆ ಹುಟ್ಟಿಸಿ ಈ ವಿರಾಮವನ್ನು ಮಾರುವವರನ್ನು ಮಾತ್ರ ನಂಬಬೇಡಿ.

ಮೈದಾನಕ್ಕೆ ಬದಲಿಯೇ?

ಅಲ್ಲ. ತರಗತಿಯೊಳಗೆ ಬಿಸಿಲಿಲ್ಲ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಸಮಯ ಕೊಟ್ಟಾಗ, ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಶೇ 30ರಷ್ಟು. ಹಾಗೆ ಕೊಡದ ಶಾಲೆಗಳಲ್ಲಿ ಅದು ಶೇ 40ರ ಹತ್ತಿರ ಇತ್ತು. ಕಣ್ಣಿಗೆ ಬೇಕಾದ ಈ ಬೆಳಕನ್ನು ಬೆಂಚಿನ ಪಕ್ಕ ಜಿಗಿದು ಪಡೆಯಲಾಗದು. ನಾಲ್ಕು ನಿಮಿಷದ ಎರಡು ವಿರಾಮ ಸೇರಿದರೂ ಎಂಟೇ ನಿಮಿಷ. 60ರಲ್ಲಿ ಇನ್ನೂ 52 ಬಾಕಿ. ‘ತರಗತಿಯಲ್ಲೇ ಮಾಡಿಸುತ್ತೇವಲ್ಲ’ ಎಂದು ಶಾಲೆ ಪಿ.ಟಿ. ಪೀರಿಯಡ್ ಕಿತ್ತುಕೊಂಡರೆ ಅದು ನಷ್ಟದ ವ್ಯಾಪಾರ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಆಟದ ಮೈದಾನ ಇರಬೇಕು ಎಂದೇ ಹೇಳುತ್ತದೆ.

ಆದರೆ ನಾವಿರುವ ನಗರಗಳಲ್ಲಿ ಮೈದಾನ ಕೈಗೆ ಸಿಗದ ದಿನಗಳೂ ಬಹಳ. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಚೆನ್ನೈ, ಹೈದರಾಬಾದಿನಲ್ಲಿ ಮಾರ್ಚ್ ದಾಟಿದರೆ ಹನ್ನೊಂದು ಗಂಟೆಯ ಬಿಸಿಲಿಗೆ ಮಕ್ಕಳನ್ನು ಬಿಡುವುದು ಕಷ್ಟ. ದೆಹಲಿಯಲ್ಲಂತೂ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲಾ ಕ್ರೀಡೆಗಳ ಬಗ್ಗೆ ಕಳವಳ ವ್ಯಕ್ತಪಡಿಸಿದ ಮೇಲೆ, ಹೊರಾಂಗಣ ಆಟೋಟ ನಿಲ್ಲಿಸುವಂತೆ ಶಾಲೆಗಳಿಗೆ ಸೂಚನೆ ಹೋಯಿತು. ಇಂಥ ದಿನಗಳಲ್ಲಿ ಒಳಗಿನ ವಿರಾಮವೊಂದೇ ಉಳಿಯುವುದು. ದೆಹಲಿಯವರಿಗೆ ಒಂದು ಎಚ್ಚರಿಕೆ: ಕಿಟಕಿ ಮುಚ್ಚಿದರೂ ತರಗತಿಯೊಳಗಿನ ಗಾಳಿ ಶುದ್ಧವಾಗುವುದಿಲ್ಲ. ಹೊಗೆ ದಟ್ಟವಾಗಿರುವ ದಿನ ಏದುಸಿರು ಬರುವಂಥ ಜಿಗಿತ ಬೇಡ. ಮೈ ಚಾಚುವುದು, ಒಂಟಿ ಕಾಲಲ್ಲಿ ನಿಲ್ಲುವುದು, ನಿಧಾನದ ಆಸನಗಳು ಸಾಕು.

ಕಾಯಿಲೆ ಇರುವ ಮಗು ಮೂಲೆಯಲ್ಲಿ ಕೂರಬೇಕೇ?

ಈ ಅಂಕಣ ಓದುವವರಲ್ಲಿ ಬಹಳ ಜನರಿಗೆ ಇದೇ ಮುಖ್ಯ ಪ್ರಶ್ನೆ. ಆಸ್ತಮಾ, ಟೈಪ್ 1 ಮಧುಮೇಹ, ಮೂರ್ಛೆ ರೋಗ, ಹೃದಯದ ತೊಂದರೆ ಇರುವ ಮಗುವಿಗೆ ‘ಪಿ.ಟಿ. ಬೇಡ’ ಎಂದು ಒಮ್ಮೆ ಚೀಟಿ ಹೋದರೆ ಮುಗಿಯಿತು. ಆ ಮಗು ವರ್ಷಾನುಗಟ್ಟಲೆ ಗೆಳೆಯರ ಬ್ಯಾಗ್ ಕಾಯುತ್ತಾ ಕೂರುತ್ತದೆ. ಭಯದಿಂದ ಬರೆಸಿದ ಚೀಟಿಯನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ. ತರಗತಿಯ ಚಿಕ್ಕ ವಿರಾಮದ ದೊಡ್ಡ ಗುಣ ಇಲ್ಲಿದೆ. ಹೊತ್ತು ಕಡಿಮೆ, ಬಿರುಸು ಹೆಚ್ಚಿಸಬಹುದು ಇಳಿಸಬಹುದು, ಟೀಚರ್ ಎರಡು ಮಾರು ದೂರದಲ್ಲೇ ಇರುತ್ತಾರೆ, ಗೆಲುವು ಸೋಲು ಇಲ್ಲ.

ವ್ಯಾಯಾಮದಿಂದ ಬರುವ ಉಬ್ಬಸ ಸಾಮಾನ್ಯವಾಗಿ ಹಲವು ನಿಮಿಷ ಬಿರುಸಾಗಿ ಓಡಿದಾಗ ಅಥವಾ ಓಡಿ ನಿಂತ ಮೇಲೆ ಕಾಣಿಸುತ್ತದೆ. ನಿಧಾನವಾಗಿ ಶುರುಮಾಡಿ ಎರಡು ಮೂರು ನಿಮಿಷದಲ್ಲಿ ನಿಲ್ಲಿಸುವ ಚಟುವಟಿಕೆಯಲ್ಲಿ ಆ ಸಾಧ್ಯತೆ ಕಡಿಮೆ. ಆದರೂ ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಪ್ರಯೋಜನವಿಲ್ಲ, ತರಗತಿಯಲ್ಲೇ ಕೈಗೆ ಸಿಗಬೇಕು. ಚಿಕ್ಕ ವಿರಾಮಕ್ಕೇ ಪದೇ ಪದೇ ಉಬ್ಬಸ ಬರುತ್ತಿದ್ದರೆ ಆಸ್ತಮಾ ಹತೋಟಿಯಲ್ಲಿಲ್ಲ ಎಂದರ್ಥ. ಆಗ ನಿಲ್ಲಿಸಬೇಕಾದ್ದು ಆಟವನ್ನಲ್ಲ, ಮೊದಲು ಔಷಧಿಯನ್ನು ವೈದ್ಯರಿಗೆ ತೋರಿಸಿ ಸರಿಪಡಿಸಬೇಕು.

ಟೈಪ್ 1 ಮಧುಮೇಹದ ಮಗುವಿನ ಸಕ್ಕರೆ ನಾಲ್ಕು ನಿಮಿಷದ ಕುಣಿತಕ್ಕೆ ದಿಢೀರನೆ ಕುಸಿಯುವುದು ಅಪರೂಪ. ಊಟಕ್ಕೆ ಮುಂಚಿನ ಹೊತ್ತು, ಹಿಂದೆಯೇ ಪಿ.ಟಿ. ಪೀರಿಯಡ್ ಇದ್ದ ದಿನ ಮಾತ್ರ ಗಮನ ಬೇಕು. ಬೆವರು, ನಡುಕ, ಸಿಡಿಮಿಡಿ, ಮಂಕು ಕಂಡರೆ ಗ್ಲೂಕೋಸ್ ಅಥವಾ ಸಕ್ಕರೆ ಕೊಡಬೇಕೆಂದು ಟೀಚರ್‌ಗೆ ಗೊತ್ತಿರಲಿ. ತರಗತಿಯಲ್ಲಿ ಸಕ್ಕರೆ ಪರೀಕ್ಷಿಸಲು, ಇನ್ಸುಲಿನ್ ತೆಗೆದುಕೊಳ್ಳಲು, ತಿಂಡಿ ತಿನ್ನಲು ಇಂಥ ಮಕ್ಕಳಿಗೆ ಅವಕಾಶ ಕೊಡಿ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲೇ ರಾಜ್ಯಗಳಿಗೆ ಬರೆದಿದೆ. ಶಾಲೆ ಹಿಂಜರಿದರೆ ಇದನ್ನು ನೆನಪಿಸಿ.

ಹೃದಯದ ವಿಷಯ ಬೇರೆ. ಇಲ್ಲಿ ಅಂದಾಜು ಬೇಡ. ಆದರೆ ‘ವ್ಯಾಯಾಮ ಬೇಡ’ ಎಂಬ ಒಂದೇ ಸಾಲಿನ ಚೀಟಿಯ ಬದಲು, ಯಾವುದು ಮಾಡಬಹುದು, ಎಷ್ಟು ಹೊತ್ತು, ಯಾವುದು ಬೇಡ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಪ್ರತಿ ವರ್ಷ ಅದನ್ನು ಹೊಸದು ಮಾಡಿಸಿ. ಶಸ್ತ್ರಚಿಕಿತ್ಸೆ ಆಗಿ ಚೆನ್ನಾಗಿರುವ ಬಹಳಷ್ಟು ಮಕ್ಕಳಿಗೆ ತರಗತಿಯ ಚಟುವಟಿಕೆಗೆ ಅಡ್ಡಿ ಇರುವುದಿಲ್ಲ.

ಆರೋಗ್ಯವಾಗಿಯೇ ಇದೆ ಎಂದುಕೊಂಡ ಮಗು ಎರಡು ನಿಮಿಷಕ್ಕೇ ಸುಸ್ತಾಗಿ ಕೂತರೆ ‘ಸೋಮಾರಿ’ ಎನ್ನಬೇಡಿ. ಮೇಲೆ ಹೇಳಿದ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ರಕ್ತಹೀನತೆ ಇತ್ತು. ಒಂದು ಹಿಮೋಗ್ಲೋಬಿನ್ ಪರೀಕ್ಷೆ ಸಾಕು. ಆಡುತ್ತಿರುವಾಗಲೇ ಪ್ರಜ್ಞೆ ತಪ್ಪುವುದು, ಎದೆನೋವು, ತುಟಿ ನೀಲಿಯಾಗುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಬಸ್ಕಿ ವ್ಯಾಯಾಮವಲ್ಲ

ಇನ್ನೊಂದು ಮಾತು. ಹೋಂವರ್ಕ್ ಮಾಡದಿದ್ದಕ್ಕೆ ಕಿವಿ ಹಿಡಿದು ಬಸ್ಕಿ ಹೊಡೆಸುವುದು, ಗಲಾಟೆ ಮಾಡಿದ್ದಕ್ಕೆ ಮೈದಾನ ಸುತ್ತಿಸುವುದು ಇನ್ನೂ ನಿಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆಸ್ತಮಾ, ಹೃದಯದ ತೊಂದರೆ ಇರುವ ಮಗುವಿಗೆ ಇದು ಅಪಾಯ. ಉಳಿದವರಿಗೂ ಮೈ ಬಗ್ಗಿಸುವುದೆಂದರೆ ಅವಮಾನ ಎಂಬ ಪಾಠ. ಇದರ ತಿರುಗುಮುರುಗು ರೂಪವೂ ಉಂಟು: ತಪ್ಪು ಮಾಡಿದವನ ಆಟದ ಪೀರಿಯಡ್ ಕಿತ್ತುಕೊಳ್ಳುವುದು. ಕೂರಲಾರದೆ ಚಡಪಡಿಸಿದ ಮಗುವನ್ನು ಇನ್ನೂ ಹೆಚ್ಚು ಹೊತ್ತು ಕೂರಿಸಿದರೆ ಏನಾದೀತು?

ಮುಂದಿನ ಪೇರೆಂಟ್ಸ್ ಮೀಟಿಂಗ್‌ಗೆ ಹೋದಾಗ ಅಂಕಪಟ್ಟಿ ನೋಡಿದ ಮೇಲೆ ಕ್ಲಾಸ್ ಟೀಚರ್ ಬಳಿ ಎರಡು ವಿಷಯ ಕೇಳಿ. ಬೆಳಗ್ಗೆಯಿಂದ ಊಟದ ಬೆಲ್ ಹೊಡೆಯುವವರೆಗೆ ಮಕ್ಕಳು ಎಷ್ಟು ಸಲ ಎದ್ದು ನಿಲ್ಲುತ್ತಾರೆ? ಹಾಗೆ ಎದ್ದಾಗ ನನ್ನ ಮಗುವೂ ಏಳುತ್ತದೆಯೇ? ಟೀಚರ್ ಹಿಂಜರಿದರೆ ವಾರಕ್ಕೆ ಮೂರು ದಿನ, ಊಟಕ್ಕೆ ಮುಂಚಿನ ಪೀರಿಯಡ್‌ನಲ್ಲಿ ಐದು ನಿಮಿಷ ಎಂದು ಶುರುಮಾಡಲು ಕೇಳಬಹುದು. ವೈದ್ಯರ ಚೀಟಿ ಇದ್ದರೆ ಅದರ ಎರಡು ಪ್ರತಿ ಒಯ್ಯಿರಿ: ಒಂದು ಆಫೀಸಿಗೆ, ಇನ್ನೊಂದು ಟೀಚರ್ ಮೇಜಿನ ಡ್ರಾಯರಿಗೆ.