ಆಟದ ನಿಯಮ ಯಾರ ಕೈಯಲ್ಲಿ?

ಯಂತ್ರವನ್ನೋ ಊರಿನ ಮೈದಾನವನ್ನೋ ವಿನ್ಯಾಸ ಮಾಡುವವರು ಅದನ್ನು ಬಳಸುವವರ ಮಾತು ಕೇಳಬೇಕೆಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಸಭೆ ಕರೆದು ಕೇಳಿದರೆ ಮಾತು ಬಲ್ಲವರಷ್ಟೇ ಮಾತಾಡುತ್ತಾರೆ. ನಕ್ಷೆ ಓದಲು ಬಾರದವರು ತಲೆಯಾಡಿಸಿ ಎದ್ದುಹೋಗುತ್ತಾರೆ. ವಿನ್ಯಾಸದ ಕೆಲಸಕ್ಕೆ ಆಟವನ್ನು ತರುವುದಕ್ಕೆ ನನಗೆ ಕಾಣುವ ಗಟ್ಟಿ ಸಮರ್ಥನೆ ಇಲ್ಲಿದೆ: ಆಟದಲ್ಲಿ ಸರದಿ ಎಲ್ಲರಿಗೂ ಬರುತ್ತದೆ. 1981ರಿಂದ 1985ರವರೆಗೆ ಸ್ಕ್ಯಾಂಡಿನೇವಿಯಾದಲ್ಲಿ ನಡೆದ ಯುಟೋಪಿಯಾ ಯೋಜನೆಯಲ್ಲಿ ಪೆಲೆ ಏನ್ ಮೊದಲಾದ ಸಂಶೋಧಕರು ಮುದ್ರಣ ಕಾರ್ಮಿಕರ ಜೊತೆ ಕೂತು, ಪತ್ರಿಕೆಯ ಪುಟ ಕಟ್ಟುವ ಕಂಪ್ಯೂಟರ್ ಹೇಗಿರಬೇಕೆಂದು ಯೋಚಿಸಿದರು. ತಾಂತ್ರಿಕ ವಿವರಣೆಗಳು ಕೆಲಸಕ್ಕೆ ಬಾರದಾದಾಗ ಮರ, ರಟ್ಟುಗಳಲ್ಲಿ ಮಾದರಿ ಮಾಡಿಕೊಂಡರು. ಲೇಸರ್ ಪ್ರಿಂಟರ್ ಎಂದು ಬರೆದ ಖಾಲಿ ರಟ್ಟಿನ ಪೆಟ್ಟಿಗೆಯೂ ಅಲ್ಲಿತ್ತು. ಅವುಗಳ ಮುಂದೆ ನಿಂತು ಕೆಲಸವನ್ನು ಆಡಿ ತೋರಿಸಿದಾಗ, ಬಾಯಲ್ಲಿ ಹೇಳಲಾಗದ ಕಸುಬಿನ ಅರಿವು ಕೈಯಿಂದ ಹೊರಬಂತು. ರಟ್ಟಾದ್ದರಿಂದ ಕತ್ತರಿಸಿ ಬದಲಿಸಲು ಯಾರಿಗೂ ಅಂಜಿಕೆಯಿರಲಿಲ್ಲ. 2012ರಲ್ಲಿ ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ ಮತ್ತು ಮೊಜಾಂಗ್ ಕಂಪನಿ ಶುರುಮಾಡಿದ ಬ್ಲಾಕ್ ಬೈ ಬ್ಲಾಕ್ ಯೋಜನೆಯೂ ಇದೇ ದಾರಿಯದು. ನೈರೋಬಿಯ ಕಿಬೆರಾ ಕೊಳೆಗೇರಿಯ ನಿವಾಸಿಗಳು ತಮ್ಮ ಆಟದ ಮೈದಾನ ಹೇಗಿರಬೇಕೆಂಬುದನ್ನು ಇಟ್ಟಿಗೆಯಂಥ ತುಂಡುಗಳನ್ನು ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ಕಟ್ಟಿ ತೋರಿಸಿದರು.

ಇವೆರಡರಲ್ಲೂ ಅಂಕಕ್ಕೆ, ಪದಕಕ್ಕೆ ಕೆಲಸವಿರಲಿಲ್ಲ ಎಂಬುದನ್ನು ಗಮನಿಸಬೇಕು. ಗೇಮಿಫಿಕೇಶನ್, ಅಂದರೆ ಕೆಲಸಕ್ಕೆ ಆಟದ ಅಂಶ ಬೆರೆಸುವುದು, ಎಂದೊಡನೆ ಬ್ಯಾಡ್ಜು, ಶ್ರೇಯಾಂಕಪಟ್ಟಿಗಳನ್ನು ಅಂಟಿಸುವ ಚಾಳಿ ವಿನ್ಯಾಸಕ್ಕೆ ಕೇಡು. ಮನೋವಿಜ್ಞಾನಿಗಳಾದ ಲೆಪ್ಪರ್, ಗ್ರೀನ್, ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಮೊದಲೇ ಬಹುಮಾನದ ಆಸೆ ತೋರಿಸಲಾಯಿತು. ಕೆಲವು ದಿನಗಳ ನಂತರ ಆ ಮಕ್ಕಳು ತಾವಾಗಿಯೇ ಚಿತ್ರ ಬಿಡಿಸುತ್ತಿದ್ದ ಹೊತ್ತು, ಬಹುಮಾನದ ಸುದ್ದಿಯೇ ಇಲ್ಲದ ಮಕ್ಕಳದರ ಸುಮಾರು ಅರ್ಧಕ್ಕಿಳಿದಿತ್ತು. ಸಲಹೆಗೊಂದು ಅಂಕವೆಂದರೆ ಸಲಹೆಗಳು ರಾಶಿ ಬೀಳುತ್ತವೆ, ನಿಜ. ಆದರೆ ತನ್ನ ಬೀದಿಯ ಚರಂಡಿಯ ಬಗ್ಗೆ ಒಬ್ಬಾಕೆಗಿರುವ ಕಾಳಜಿಯನ್ನು ಅಂಕದಲ್ಲಿ ಅಳೆಯುವುದು ಹೇಗೆ?

ಗಂಭೀರ ವಿಷಯಕ್ಕೆ ಆಟ ತಕ್ಕುದಲ್ಲ ಎಂಬ ಆಕ್ಷೇಪ ನನಗೆ ದೊಡ್ಡದೆನಿಸುವುದಿಲ್ಲ. ನಿಯಮಕ್ಕೆ ತಲೆಬಾಗಿ ಆಡುವವರಷ್ಟು ಗಂಭೀರವಾಗಿ ಸಭೆಯಲ್ಲಿ ಕೂತವರು ಇರುವುದು ಅಪರೂಪ. ಉತ್ತರಿಸಲೇಬೇಕಾದ ಆಕ್ಷೇಪ ಬೇರೆ: ಆಟದ ನಿಯಮ ಮಾಡಿದವರೇ ಫಲಿತಾಂಶವನ್ನೂ ಮೊದಲೇ ತೀರ್ಮಾನಿಸಿರಬಹುದು, ಆಡಿದವರಿಗೆ ತಾವು ಪಾಲ್ಗೊಂಡೆವೆಂಬ ಭ್ರಮೆಯಷ್ಟೇ ಉಳಿಯಬಹುದು. ಈ ಅಪಾಯ ನಿಜವಾದದ್ದೇ. ತೆರೆಯ ಮೇಲೆ ಇಟ್ಟಿಗೆಗೆ ಬೆಲೆಯಿಲ್ಲ, ಬೀದಿಯಲ್ಲಿದೆ. ಹಣದ ಮಿತಿಯನ್ನು ಬಚ್ಚಿಟ್ಟು ಆಡಿಸಿದರೆ ಅದು ಮೋಸ. ಹಾಗೆಂದು ಆಟವನ್ನೇ ಕೈಬಿಡಬೇಕಿಲ್ಲ. ಖರ್ಚಿನ ಲೆಕ್ಕವನ್ನು ನಿಯಮದೊಳಗೇ ತರಬೇಕು, ನಿಯಮ ತಿದ್ದುವ ಹಕ್ಕನ್ನು ಆಡುವವರಿಗೆ ಕೊಡಬೇಕು, ಇಲ್ಲಿ ಒಪ್ಪಿದ್ದರಲ್ಲಿ ಯಾವುದು ಜಾರಿಗೆ ಬರುತ್ತದೆ, ಯಾವುದು ಬರುವುದಿಲ್ಲವೆಂದು ಮೊದಲ ಸರದಿಗೂ ಮುಂಚೆ ಬರಹದಲ್ಲಿ ಒಪ್ಪಿಸಬೇಕು.