ಭಯಾನಕ ಚಿತ್ರವೂ ಬೆಳಗಿನ ನಡಿಗೆಯೂ

ಬೆಂಗಳೂರಿನ ಬಸವನಗುಡಿ ಮತ್ತು ಮಲ್ಲೇಶ್ವರಗಳ ಹುಟ್ಟಿನ ಕಥೆ ಆರೋಗ್ಯದ ಕಥೆಯೂ ಹೌದು. ೧೮೯೮ರಲ್ಲಿ ಪ್ಲೇಗು ನಗರವನ್ನು ಹೊಕ್ಕಾಗ ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಜನ ಬಾಳುವುದು ದುಸ್ತರವಾಯಿತು. ಆ ಪಾಠವನ್ನು ಕಲಿತ ಮೇಲೆ, ಗಾಳಿ ಬೆಳಕುಗಳು ಧಾರಾಳವಾಗಿ ಬರುವಂತೆ ಅಗಲವಾದ ಬೀದಿಗಳನ್ನು ಬಿಟ್ಟು ಈ ಬಡಾವಣೆಗಳನ್ನು ಬೆಳೆಸಲಾಯಿತು. ಅವುಗಳಿಗಿಂತ ಕೆಲವು ವರ್ಷ ಮೊದಲೇ, ೧೮೯೨ರಲ್ಲಿ, ಚಾಮರಾಜಪೇಟೆ ತಲೆಯೆತ್ತಿತ್ತು. ಮನುಷ್ಯನ ದೇಹಕ್ಕೆ ಏನು ಬೇಕೆಂಬುದನ್ನು ಯೋಚಿಸಿ ಕಟ್ಟಿದ ಬೀದಿಗಳಲ್ಲಿ ಇಂದು ವಾಸಿಸುತ್ತಿರುವವರು ತಮ್ಮ ದೇಹವನ್ನು ಹೇಗೆ ನಡೆಸಿಕೊಳ್ಳುತ್ತಿದ್ದಾರೆ ಎಂಬುದು ವಿಚಾರ ಮಾಡತಕ್ಕ ವಿಷಯ.

ಬೆಳಿಗ್ಗೆ ಲಾಲ್‌ಬಾಗಿನಲ್ಲಿಯೋ ಸ್ಯಾಂಕಿ ಕೆರೆಯ ದಂಡೆಯಲ್ಲಿಯೋ ಬಿರುಸಾದ ನಡಿಗೆ, ಬಳಿಕ ಬಿಸಿ ತಿಂಡಿ, ಕಾಫಿ, ಹಗಲೆಲ್ಲ ದುಡಿಮೆ, ಸಂಜೆ ಮನೆಮಂದಿಯೊಡನೆ ಮಾತುಕತೆ, ಊಟ, ರಾತ್ರಿ ಎಲ್ಲರೂ ಮಲಗಿದ ಮೇಲೆ ಮೈ ನಡುಗಿಸುವ ಒಂದು ದೆವ್ವದ ಚಿತ್ರ. ಈ ಬಗೆಯ ದಿನಚರಿ ಈಗ ಅಪರೂಪವಲ್ಲ. ವ್ಯಾಯಾಮ, ಸಂಸಾರ, ಆಹಾರ, ವಿನೋದ - ಈ ನಾಲ್ಕೂ ಬೇಕಾದುವೇ. ಇವುಗಳನ್ನು ಒಂದಕ್ಕೊಂದು ಹೊಂದಿಸುವುದು ಕಷ್ಟವೆಂದು ಎಲ್ಲರೂ ದೂರುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ನಾಲ್ಕಕ್ಕೆ ಪರಸ್ಪರ ಜಗಳವೇನೂ ಇಲ್ಲ. ಪಟ್ಟಿಯಲ್ಲಿ ಯಾರೂ ಬರೆದುಕೊಳ್ಳದ ಐದನೆಯದೊಂದಿದೆ, ಅದೇ ನಿದ್ರೆ. ತಕ್ಕಡಿಯ ಮುಳ್ಳು ಅದು. ಮುಳ್ಳು ಓರೆಯಾದರೆ ಯಾವ ತಟ್ಟೆಯ ತೂಕವೂ ಸರಿಯಾಗದು.

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ಪರಿಶೀಲಿಸೋಣ. ಭಯಾನಕ ಚಿತ್ರವನ್ನು ನೋಡುವುದೇ ಒಂದು ವ್ಯಾಯಾಮ, ಅದರಿಂದ ಮೈಯ ಕೊಬ್ಬು ಕರಗುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದಕ್ಕೆ ಮೂಲ ೨೦೧೨ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಒಂದು ಪರೀಕ್ಷೆ. ಚಿತ್ರಗಳನ್ನು ಬಾಡಿಗೆಗೆ ಕೊಡುವ ಸಂಸ್ಥೆಯೊಂದು ಹಣ ಒದಗಿಸಿದ ಆ ಪರೀಕ್ಷೆಯಲ್ಲಿ ಪಾಲುಗೊಂಡವರು ಕೇವಲ ಹತ್ತು ಮಂದಿ. 'ದಿ ಶೈನಿಂಗ್' ಎಂಬ ೧೯೮೦ರ ಚಿತ್ರವನ್ನು ನೋಡಿದಾಗ ೧೮೪ ಕಿಲೋಕ್ಯಾಲೊರಿಗಳಷ್ಟು ಶಕ್ತಿ ವ್ಯಯವಾಯಿತೆಂದು ಪತ್ರಿಕೆಗಳು ಸಾರಿದುವು. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಆದರೆ ಸ್ವಲ್ಪ ಲೆಕ್ಕ ಮಾಡಿದರೆ ನಿಜಸ್ಥಿತಿ ಗೋಚರವಾಗುತ್ತದೆ. ೬೦ ಕಿಲೋಗ್ರಾಂ ತೂಕದ ವ್ಯಕ್ತಿ ಏನೂ ಮಾಡದೆ ಸುಮ್ಮನೆ ಕುಳಿತಿದ್ದರೂ ಗಂಟೆಗೆ ಸುಮಾರು ೬೦ ಕಿಲೋಕ್ಯಾಲೊರಿಗಳನ್ನು ವ್ಯಯಿಸುತ್ತಾನೆ. ಆ ಚಿತ್ರ ನಡೆಯುವುದು ಎರಡೂಕಾಲು ಗಂಟೆಗಿಂತ ಹೆಚ್ಚು ಹೊತ್ತು. ಸುಮ್ಮನೆ ಕುಳಿತಿದ್ದರೂ ೧೪೦ಕ್ಕೆ ಕಡಿಮೆಯಿಲ್ಲದಷ್ಟು ವ್ಯಯವಾಗುತ್ತಿತ್ತು. ಭಯದಿಂದ ಬಂದ ಹೆಚ್ಚಳ ಸುಮಾರು ೪೦ ಮಾತ್ರ!

ಈ ೪೦ ಕಿಲೋಕ್ಯಾಲೊರಿ ಎಂದರೆ ಎಷ್ಟು? ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ ನಡೆಯುವುದನ್ನು ವಾಚಕರು ಬಲ್ಲರು. ನೂರು ಗ್ರಾಂ ಕಡಲೆಬೀಜದಲ್ಲಿ ಸುಮಾರು ೫೬೫ ಕಿಲೋಕ್ಯಾಲೊರಿಗಳಿವೆ. ಅಂದಮೇಲೆ ಎರಡೂಕಾಲು ಗಂಟೆ ಹೆದರಿ ಕಳೆದುಕೊಂಡದ್ದು ಏಳು ಗ್ರಾಂ ಬೀಜಕ್ಕೆ, ಅಂದರೆ ಹತ್ತು ಹನ್ನೆರಡು ಕಾಳಿಗೆ ಸಮ. ದೆವ್ವ ಬಾಗಿಲು ತಟ್ಟುವ ಮೊದಲೇ ಕೈ ಅಷ್ಟನ್ನು ಬಾಯಿಗೆ ಹಾಕಿರುತ್ತದೆ. ಇನ್ನೊಂದು ರೀತಿಯಿಂದ ನೋಡಿದರೆ, ಕಾಲು ಗಂಟೆಯ ಬಿರುಸಾದ ನಡಿಗೆ ಅಷ್ಟೇ ಕೆಲಸವನ್ನು ಮಾಡುತ್ತದೆ. ಆದುದರಿಂದ ಭಯವನ್ನು ವ್ಯಾಯಾಮದ ಖಾತೆಗೆ ಜಮಾ ಮಾಡತಕ್ಕದ್ದಲ್ಲ.

ಹಾಗಾದರೆ ಚಿತ್ರವನ್ನು ನೋಡುವಾಗ ಎದೆ ಡವಡವನೆ ಬಡಿದುಕೊಳ್ಳುವುದೇಕೆ? ಇದನ್ನು ವಿಶದಪಡಿಸಿದವನು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್. ನೋವು, ಹಸಿವು, ಭಯ, ಕೋಪಗಳಲ್ಲಿ ದೇಹದಲ್ಲಾಗುವ ವ್ಯತ್ಯಾಸಗಳನ್ನು ಕುರಿತ ಅವನ ಗ್ರಂಥ ೧೯೧೫ರಲ್ಲಿ ಪ್ರಕಟವಾಯಿತು. ಅಪಾಯ ಎದುರಾದೊಡನೆ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರೀನಲ್ ಗ್ರಂಥಿಗಳಿಂದ ಅಡ್ರೀನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಹೃದಯದ ಬಡಿತ ಏರುತ್ತದೆ. ಪಿತ್ತಜನಕಾಂಗ ತಾನು ಕೂಡಿಟ್ಟ ಸಕ್ಕರೆಯನ್ನು ಹೊರಬಿಡುತ್ತದೆ. ಸ್ನಾಯುಗಳಿಗೆ ರಕ್ತ ಹೆಚ್ಚಾಗಿ ಹರಿಯುತ್ತದೆ. ಹೋರಾಡಲಿಕ್ಕೋ ಓಡಿಹೋಗಲಿಕ್ಕೋ ದೇಹ ಸಿದ್ಧವಾಗುವ ರೀತಿ ಇದು. ಅದೇ ಕಾಲದಲ್ಲಿ ಜೀರ್ಣಕ್ರಿಯೆ ಹಿಂದೆ ಬೀಳುತ್ತದೆ. ಕ್ಯಾನನ್ ತನ್ನ ತಾರುಣ್ಯದಲ್ಲಿಯೇ ಬೆಕ್ಕುಗಳ ಜಠರವನ್ನು ಎಕ್ಸ್-ಕಿರಣಗಳ ಮೂಲಕ ನೋಡುತ್ತಿದ್ದಾಗ, ಬೆಕ್ಕು ಕಳವಳಗೊಂಡೊಡನೆ ಜಠರದ ಚಲನೆ ನಿಂತುಹೋಗುವುದನ್ನು ಗಮನಿಸಿದ್ದನು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ದೆವ್ವದ ಚಿತ್ರವನ್ನು ನೋಡುತ್ತ ಉಣ್ಣುವವರು ಈ ಬೆಕ್ಕನ್ನು ನೆನೆಯುವುದು ಒಳ್ಳೆಯದು.

ಭಯದಿಂದ ರಕ್ತ ಹೆಪ್ಪುಗಟ್ಟಿತೆಂದು ನಾವು ಮಾತಿಗೆ ಹೇಳುವುದುಂಟು. ಇದನ್ನೂ ವಿಜ್ಞಾನಿಗಳು ಪರೀಕ್ಷಿಸದೆ ಬಿಟ್ಟಿಲ್ಲ. ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ೨೪ ಮಂದಿ ಆರೋಗ್ಯವಂತ ಯುವಜನರಿಗೆ ಒಂದು ಭಯಾನಕ ಚಿತ್ರವನ್ನೂ ಒಂದು ಶೈಕ್ಷಣಿಕ ಚಿತ್ರವನ್ನೂ ತೋರಿಸಿ ರಕ್ತವನ್ನು ಪರೀಕ್ಷಿಸಿದರು. ೨೦೧೫ರಲ್ಲಿ ಪ್ರಕಟವಾದ ಆ ವರದಿಯಂತೆ, ಭಯಾನಕ ಚಿತ್ರದ ಬಳಿಕ ರಕ್ತ ಹೆಪ್ಪುಗಟ್ಟಲು ನೆರವಾಗುವ 'ಎಂಟನೆಯ ಅಂಶ' ಎಂಬ ದ್ರವ್ಯ ಹೆಚ್ಚಿತ್ತು. ಆದರೆ ನಿಜವಾಗಿ ಹೆಪ್ಪು ಕಟ್ಟುವ ಕ್ರಿಯೆ ಮಾತ್ರ ಮೊದಲಾಗಿರಲಿಲ್ಲ. ದೇಹ ಗಾಯಕ್ಕೂ ಸಿದ್ಧವಾಗಿತ್ತು, ಗಾಯವಾಗಲಿಲ್ಲ, ಅಷ್ಟೆ. ಆರೋಗ್ಯವಂತರಿಗೆ ಇದರಿಂದ ಹೆದರಿಕೆಯಿಲ್ಲ. ಹೃದ್ರೋಗವಿರುವವರು ಮಾತ್ರ ತಮ್ಮ ವೈದ್ಯರನ್ನು ಒಂದು ಮಾತು ಕೇಳುವುದು ಲೇಸು.

ಇಷ್ಟನ್ನು ಹೇಳಿದುದರಿಂದ ಭಯಾನಕ ಚಿತ್ರಗಳನ್ನು ನಾವು ನಿಷೇಧಿಸುತ್ತಿದ್ದೇವೆಂದು ಯಾರೂ ಭಾವಿಸಬಾರದು. ಭರತನ ನಾಟ್ಯಶಾಸ್ತ್ರವೇ ಎಂಟು ರಸಗಳಲ್ಲಿ ಭಯಾನಕಕ್ಕೆ ಸ್ಥಾನ ಕೊಟ್ಟಿದೆ. ೧೯೭೯ರ 'ನಾ ನಿನ್ನ ಬಿಡಲಾರೆ', ೨೦೦೪ರ 'ಆಪ್ತಮಿತ್ರ' ಮುಂತಾದ ಚಿತ್ರಗಳನ್ನು ಕನ್ನಡಿಗರು ಸಂಸಾರ ಸಮೇತರಾಗಿ ನೋಡಿದರು. ಭಯ ಕಳೆದ ಮೇಲೆಯೂ ದೇಹದ ಉದ್ವೇಗ ಒಡನೆಯೇ ಇಳಿಯುವುದಿಲ್ಲ; ಉಳಿದ ಉದ್ವೇಗ ಅನಂತರದ ಭಾವವನ್ನು ಹಿಗ್ಗಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್ಮನ್ ೧೯೭೦ರ ದಶಕದಲ್ಲಿ ಪ್ರತಿಪಾದಿಸಿದನು. ಪಕ್ಕದವರ ತೋಳನ್ನು ಹಿಡಿದು ಕಿರಿಚಿಕೊಂಡವರು ಮರುಗಳಿಗೆಯೇ ಹೊಟ್ಟೆ ತುಂಬ ನಗುವುದರ ಗುಟ್ಟು ಇದೇ ಇರಬಹುದು. ಒಟ್ಟಿಗೆ ಹೆದರಿ ಒಟ್ಟಿಗೆ ನಗುವುದು ಸಂಸಾರಕ್ಕೆ ಒಳ್ಳೆಯದೇ.

ತೊಂದರೆ ಇರುವುದು ಚಿತ್ರದಲ್ಲಲ್ಲ, ಹೊತ್ತಿನಲ್ಲಿ. ಹಿಂದೆ ಚಿತ್ರಮಂದಿರದಲ್ಲಿ ರಾತ್ರಿಯ ಎರಡನೆಯ ಆಟವನ್ನು ನೋಡಿದವರು ಮಾತನಾಡುತ್ತ ಮನೆಯವರೆಗೆ ನಡೆದು ಬರುತ್ತಿದ್ದರು. ಓಡಲು ಸಿದ್ಧವಾಗಿದ್ದ ದೇಹಕ್ಕೆ ಅಷ್ಟಾದರೂ ಕೆಲಸ ದೊರೆಯುತ್ತಿತ್ತು. ಉದ್ವೇಗ ಇಳಿಯಲು ಕಾಲವೂ ಇರುತ್ತಿತ್ತು. ಮೇಲಾಗಿ ಆಟ ಮುಗಿದರೆ ಮುಗಿಯಿತು. ಚಿತ್ರಮಂದಿರದವರೇ ದೀಪ ಹಾಕಿ ಬಾಗಿಲು ತೆರೆಯುತ್ತಿದ್ದರು. ಇಂದು ತೆರೆಯೇ ಅಂಗೈಯೊಳಗೆ ಬಂದಿದೆ. ಭಯದಿಂದ ಹಾಸಿಗೆಗೆ ಒಂದು ಗೇಣಿನ ದೂರವೂ ಇಲ್ಲ. ಒಂದು ಕಂತು ಮುಗಿಯುತ್ತಿದ್ದಂತೆ ಮುಂದಿನದು ತಾನಾಗಿಯೇ ಮೊದಲಾಗುತ್ತದೆ. ಕತ್ತಲಾದ ಮೇಲೆ ಮಿದುಳಿನಲ್ಲಿ ಉತ್ಪನ್ನವಾಗಿ ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ಬೆಳಕು ತಡೆಯುತ್ತದೆ. ಸಂಜೆ ಆರಕ್ಕೆ ಕುಡಿದ ಕಾಫಿಯಲ್ಲಿದ್ದ ಕೆಫೀನಿನ ಅರ್ಧ ಭಾಗ ರಾತ್ರಿ ಹನ್ನೊಂದರ ವೇಳೆಗೂ ದೇಹದಲ್ಲಿಯೇ ಇರುತ್ತದೆ. ಇವೆರಡರ ಮೇಲೆ ಅಡ್ರೀನಲಿನ್ ಬೇರೆ. ನಿದ್ರೆ ಹತ್ತಿರ ಸುಳಿಯುವುದಾದರೂ ಹೇಗೆ?

ಕೆಟ್ಟ ನಿದ್ರೆಯ ಸಾಲವನ್ನು ತೀರಿಸುವುದು ಮರುದಿನದ ಊಟ ಮತ್ತು ನಡಿಗೆ. ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ೧೧ ಮಂದಿ ಆರೋಗ್ಯವಂತ ತರುಣರನ್ನು ಆರು ರಾತ್ರಿ ದಿನಕ್ಕೆ ನಾಲ್ಕೇ ಗಂಟೆ ಮಲಗಿಸಿದಾಗ, ಸಕ್ಕರೆಯನ್ನು ನಿಭಾಯಿಸುವ ಅವರ ದೇಹದ ಶಕ್ತಿ ಕುಂದಿದುದು ೧೯೯೯ರಲ್ಲಿ ಬೆಳಕಿಗೆ ಬಂದಿತು. ಅದೇ ಗುಂಪಿನ ಸಂಶೋಧಕರು ೨೦೦೪ರಲ್ಲಿ ಇನ್ನೊಂದು ಸಂಗತಿಯನ್ನು ತಿಳಿಸಿದರು: ಎರಡು ರಾತ್ರಿ ನಾಲ್ಕು ಗಂಟೆಯಂತೆ ಮಲಗಿದ ೧೨ ಮಂದಿ ತರುಣರಲ್ಲಿ, ಹೊಟ್ಟೆ ತುಂಬಿತೆಂದು ಸೂಚಿಸುವ ಲೆಪ್ಟಿನ್ ಶೇಕಡ ೧೮ರಷ್ಟು ಇಳಿದಿತ್ತು, ಹಸಿವನ್ನು ಕೆರಳಿಸುವ ಗ್ರೆಲಿನ್ ಶೇಕಡ ೨೮ರಷ್ಟು ಏರಿತ್ತು. ಇವು ಸಣ್ಣ ಪರೀಕ್ಷೆಗಳು, ನಿಜ. ಆದರೆ ಅನುಭವಕ್ಕೆ ಹೊಂದುವ ಫಲಗಳು. ನಿದ್ದೆಗೆಟ್ಟ ಬೆಳಿಗ್ಗೆ ಲಾಲ್‌ಬಾಗು ದೂರವಾಗಿಯೂ ಗಾಂಧಿಬಜಾರಿನ ಬೆಣ್ಣೆ ಹಾಕಿದ ದೋಸೆ ಹತ್ತಿರವಾಗಿಯೂ ತೋರುವುದು ಮನಸ್ಸಿನ ದೌರ್ಬಲ್ಯದಿಂದ ಮಾತ್ರವಲ್ಲ. ರಕ್ತದಲ್ಲಿ ಹರಿಯುವ ಹಾರ್ಮೋನುಗಳ ಮಾತೂ ಅದರಲ್ಲಿ ಸೇರಿದೆ.

ಇದನ್ನು ಹಗುರವಾಗಿ ಎಣಿಸಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ದೇಶಾದ್ಯಂತ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆ, ಭಾರತದಲ್ಲಿ ೧೦ ಕೋಟಿ ೧೦ ಲಕ್ಷ ಜನರಿಗೆ ಸಿಹಿಮೂತ್ರ ರೋಗವಿದೆಯೆಂದೂ ೧೩ ಕೋಟಿ ೬೦ ಲಕ್ಷ ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು. ಅದೇ ಮಂಡಲಿಗೆ ಸೇರಿದ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ೨೦೨೪ರಲ್ಲಿ ಹೊರಡಿಸಿದ ಸಲಹೆಯಂತೆ, ದಿನಕ್ಕೆ ೨೦೦೦ ಕಿಲೋಕ್ಯಾಲೊರಿಯ ಊಟದಲ್ಲಿ ಧಾನ್ಯ ೨೫೦ ಗ್ರಾಂ, ತರಕಾರಿ ಸೊಪ್ಪುಗಳು ೪೦೦ ಗ್ರಾಂ, ಬೇಳೆಕಾಳು ೮೫ ಗ್ರಾಂ ಇರಬೇಕು. ನಮ್ಮ ಎಲೆಯಲ್ಲಿ ಸಾಮಾನ್ಯವಾಗಿ ಅನ್ನದ ರಾಶಿ ನಡುವೆ, ಪಲ್ಯ ಮೂಲೆಯಲ್ಲಿ! ಪಲ್ಯವನ್ನು ಹೆಚ್ಚಿಸಿ ಅನ್ನವನ್ನು ತಗ್ಗಿಸಬೇಕು. ಅವರೆಕಾಳಿನ ಕಾಲದಲ್ಲಿ ಅವರೆಯನ್ನು ಧಾರಾಳವಾಗಿ ಬಳಸಬೇಕು. ದೋಸೆಯನ್ನು ಬಿಡಬೇಕಾಗಿಲ್ಲ; ಅದು ವಾರದ ಅತಿಥಿಯಾಗಿರಲಿ, ನಿತ್ಯದ ನೆಂಟನಾಗದಿರಲಿ.

ವ್ಯಾಯಾಮದ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ೨೦೨೦ರ ಸಲಹೆ ಸರಳವಾದುದು: ವಯಸ್ಕರಿಗೆ ವಾರದಲ್ಲಿ ಕನಿಷ್ಠ ೧೫೦ ನಿಮಿಷ ಮಿತವಾದ ಶ್ರಮ, ಮತ್ತು ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ಅರ್ಧ ಗಂಟೆಯಂತೆ ಐದು ದಿನ ನಡೆದರೆ ಮೊದಲನೆಯದು ಮುಗಿಯಿತು. ಅಂಗಸಾಧನೆಗೂ ರಸಿಕತೆಗೂ ವಿರೋಧವಿಲ್ಲವೆಂಬುದಕ್ಕೆ ಈ ನಗರದಲ್ಲಿಯೇ ಉತ್ತಮ ನಿದರ್ಶನವಿದೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ಅನೇಕ ತರುಣರ ಮೈ ಕಟ್ಟಿದ ಕೆ. ವಿ. ಅಯ್ಯರ್ ಅವರೇ 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದವರು. ಕಥೆಯ ಮೋಹವಿದ್ದವನು ಸೋಮಾರಿಯೇ ಆಗಬೇಕೆಂಬ ನಿಯಮವಿಲ್ಲ.

ಮನೆಯ ಮಕ್ಕಳ ಬಗೆಗೆ ಒಂದು ಮಾತು. ಏಳೆಂಟು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇದೆಲ್ಲ ಸುಳ್ಳೆಂದು ಹೇಳಿದರೆ ಸಮಾಧಾನವಾಗದು. ಕಂಡದ್ದೇ ಅವರಿಗೆ ನಿಜ. ಎಳವೆಯಲ್ಲಿ ಕಂಡ ಒಂದು ಭಯಾನಕ ದೃಶ್ಯದ ನೆನಪು ಬೆಳೆದ ಮೇಲೆಯೂ ಕಾಡುತ್ತದೆಂದು ಹೇಳಿದ ಕಾಲೇಜು ವಿದ್ಯಾರ್ಥಿಗಳು ಹಲವರೆಂಬುದು ೧೯೯೯ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದಿದೆ. ಮಕ್ಕಳು ಮಲಗಿದ ಮೇಲೆ ನೋಡೋಣವೆಂದು ದೊಡ್ಡವರು ಮಧ್ಯರಾತ್ರಿಯವರೆಗೆ ಕಾಯುವುದಕ್ಕೆ ಇದೇ ಕಾರಣವಿರಬಹುದು. ಹಗಲೆಲ್ಲ ದುಡಿದವರಿಗೆ ತಮ್ಮದೆನ್ನುವ ಹೊತ್ತು ರಾತ್ರಿಯೊಂದೇ ಎಂಬ ಆಕ್ಷೇಪವೂ ಬರಬಹುದು. ಈ ಆಕ್ಷೇಪದಲ್ಲಿ ತಿರುಳಿದೆ. ಮುಖ್ಯವಾಗಿ ಮನೆಯ ಕೆಲಸವೂ ಕಚೇರಿಯ ಕೆಲಸವೂ ಮೈಮೇಲೆ ಬಿದ್ದಿರುವ ಹೆಂಗಸರ ಪಾಲಿಗೆ ಅದು ಅಕ್ಷರಶಃ ಸತ್ಯ. ಆದರೆ ಇದಕ್ಕೆ ಪರಿಹಾರ ನಿದ್ರೆಯನ್ನು ಕದಿಯುವುದಲ್ಲ. ಮನೆಯ ಕೆಲಸವನ್ನು ಹಂಚಿಕೊಳ್ಳುವುದು. ಪಾತ್ರೆ ತೊಳೆಯಲು ಗಂಡಸರೂ ಮಕ್ಕಳೂ ಕೈ ಹಾಕಿದರೆ ಒಂದು ಗಂಟೆ ಮೊದಲೇ ಮನೆ ವಿರಮಿಸುತ್ತದೆ. ದೆವ್ವಕ್ಕೆ ಭಾನುವಾರದ ಮಧ್ಯಾಹ್ನವನ್ನೋ ಶನಿವಾರದ ಮುಸ್ಸಂಜೆಯನ್ನೋ ಗೊತ್ತುಮಾಡಿ, ಚಿಕ್ಕ ಮಕ್ಕಳನ್ನು ಆಟಕ್ಕೆ ಕಳುಹಿಸಿ, ಉಳಿದವರು ಒಟ್ಟಿಗೆ ನೋಡಬಹುದು. ಚಿತ್ರ ಮುಗಿದ ಮೇಲೆ ಬೀದಿಯ ಕೊನೆಯವರೆಗೆ ನಡೆದು ಬಂದು ಊಟಕ್ಕೆ ಕುಳಿತರೆ ಜಠರವೂ ಶಾಂತವಾಗಿರುತ್ತದೆ, ಮಾತಿಗೂ ವಿಷಯ ದೊರೆಯುತ್ತದೆ.

೧೯೯೦ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಕರ್ನಾಟಕದ ಇತರ ಕಡೆಗಳಲ್ಲಿಯೂ ಒಂದು ವದಂತಿ ಹಬ್ಬಿತ್ತು. ರಾತ್ರಿಯ ವೇಳೆ ಒಂದು ದೆವ್ವ ಮನೆಯವರ ದನಿಯಲ್ಲಿಯೇ ಕರೆದು ಬಾಗಿಲು ತಟ್ಟುವುದಂತೆ, ತೆರೆದವರಿಗೆ ಉಳಿಗಾಲವಿಲ್ಲವಂತೆ. ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರು. ದೆವ್ವ ಓದಿಕೊಂಡು ಹಿಂದಿರುಗುವುದು, ಮಾರನೆಯ ದಿನವೂ ಅದೇ ಬರಹವನ್ನು ಕಾಣುವುದು ಎಂದು ನಂಬಿಕೆ. ಆ ದೆವ್ವಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ. ಆದರೆ ಈಗ ರಾತ್ರಿ ಹನ್ನೊಂದಕ್ಕೆ ಪರಿಚಿತವಾದ ದನಿಯಲ್ಲಿ ಕರೆಯುವುದು ಮುಂದಿನ ಕಂತು. ಅದು ಕೇಳುವುದು ನಮ್ಮ ಪ್ರಾಣವನ್ನಲ್ಲ, ಏಳು ಗಂಟೆಯ ನಿದ್ರೆಯಲ್ಲಿ ಎರಡು ಗಂಟೆಯನ್ನು. ಅದರ ಜೊತೆಗೆ ನಾಳಿನ ನಡಿಗೆಯನ್ನು, ನಾಳಿನ ಹದವಾದ ಊಟವನ್ನು, ನಾಳಿನ ಸೈರಣೆಯ ಮಾತನ್ನು. ಅದಕ್ಕೆ ಕೊಡಬೇಕಾದ ಉತ್ತರವನ್ನು ನಮ್ಮ ಬೀದಿಗಳ ಬಾಗಿಲುಗಳೇ ಹಿಂದೆ ಬರೆದು ತೋರಿಸಿವೆ.